ಗಾಳಿ ಭಾಳ ಅದ

ಸೂಪರ್ ಮಾರ್ಕೆಟ್ಟಿನ ಎರಡನೇ ಮಹಡಿಯಲ್ಲಿ
ಕೂಲರಿಗೆ ಕೊಡದಿಂದ ನೀರು ಹೊಯ್ದು ಬಂದು
ಮೈನೋದ್ದೀನ ಸಮುದ್ರ ತೋರಿಸಿದ, ಒಂದೊಂದೇ ಮನೆ.
ಈಜುಕೊಳ ಇದ್ದದ್ದು. ಪೇಟೆಗೆ ಹತ್ತಿರದ್ದು.
ಗುರುಶಾಂತ ಪ್ರತಿ ಮನೆಯ ಬಾತ್‌ರೂಮು ಎಣಿಸಿದರು.

ಕೊನೆಗೊಂದು: ಹುಲ್ಲು ಹೊದಿಸಿದ ಮಾಡು,
ಮರಳುದಿಬ್ಬದ ಹಿಂದೆ ತಲೆ ತಗ್ಗಿಸಿ ಕೂತದ್ದು.
"ಇದು ಬ್ಯಾಡ್ರಿ ಅಕ್ಕೋರ, ಡೆನ್ಮಾರ್ಕಿನ ತುದಿ.
ಅಂಗಡಿ ಐದು ಮೈಲು. ಮಾತಾಡ್ಲಾಕ ಮಂದಿ ಇಲ್ಲ.
ಗಾಳಿ ಭಾಳ ಅದ."

ಇದೇ ಇರಲಿ, ಅಂದೆ.

ಇಪ್ಪತ್ತೆರಡು ವರ್ಷ ಶಹಾಬಾದಿನಲ್ಲಿ
ಫರಸಿ ಕೊಯ್ಯುವ ಮಶೀನಿನ ಪಕ್ಕ ಕೂತು
ಲೋಡು ಲೋಡಿನ ಲೆಕ್ಕ ಬರೆದವಳು ನಾನು.
ಕಣ್ಣು ಮುಚ್ಚಿದರೂ ಕಿವಿಯೊಳಗೆ ಕಲ್ಲು ಸೀಳುತ್ತದೆ,
ಅಮಾವಾಸ್ಯೆಗೂ ರಜೆ ಇಲ್ಲದೆ.
ಒಮ್ಮೆ ಒಂದು ಚಪ್ಪಡಿ ಬಿಚ್ಚಿದಾಗ
ಒಳಗೆ ಸಣ್ಣ ಸಣ್ಣ ತೆರೆಗಳ ಗೀರು,
ಈಗಷ್ಟೇ ನೀರು ಹಿಂದೆ ಸರಿದ ಹಾಗೆ.
ಮಾರಲಿಲ್ಲ. ಬಚ್ಚಲಿಗೆ ಹಾಕಿಸಿದೆ.
ಅಂಗಾಲಿಗೆ ಅದರ ಗುರುತು ಸಿಗುತ್ತದೆ ದಿನಾ.

"ಆರು ಮಂದಿಗೆ ಹಾಸಿಗಿ ಅದಾವ, ನೀವು ಇಬ್ಬರೇ..."
ನಾಕು ಖಾಲಿ ಇರಲಿ, ಬರಕೊ.

"ಜಗದೇವಿ, ಅಲ್ಲಿ ನೋಡೂದರ ಏನದ?"
ಗುರುಶಾಂತ ಕೇಳಿದ್ದು ಎರಡನೇ ಸಲವಂತೆ,
ಮೊದಲನೆಯದು ನನಗೆ ಕೇಳಿರಲಿಲ್ಲ.

ಏನಿಲ್ಲ. ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗಿ
ಆ ದಂಡೆಯಲ್ಲಿ ಕೂತು, ಗಾಳಿ ತುಸು ತಗ್ಗಿದಾಗ
ಒಂದು ಮುರಿಯಬೇಕು.
ಸಪ್ಪಳ ಇನ್ನೂ ನನಗೆ ಸಿಗುತ್ತದೋ
ನೋಡಬೇಕು.