ಒಂದು ಗೇಣು, ನಾಲ್ಕು ಬೆರಳು

ಬಾಟಲಿ ಎಷ್ಟೆತ್ತರ ಎಂದರೆ
ಮೂತ್ರಪಿಂಡದಿಂದ ಮೂವತ್ತು ಸೆಂಟಿಮೀಟರು,
ಕೂದಲೆಳೆಯಷ್ಟೂ ಮೇಲಲ್ಲ.
ನಾನು ಟೇಪು ಹಿಡಿದು ಅಳೆಯುತ್ತಿದ್ದರೆ
ಹದಿನಾಲ್ಕನೇ ಹಾಸಿಗೆಯ ಯೋರ್ದಾನ್ ಮುದುಕ
ಮಲಗಿದಲ್ಲಿಂದಲೇ ಕೈ ಚಾಚಿದ:
ಒಂದು ಗೇಣು, ನಾಲ್ಕು ಬೆರಳು. ಸರಿಯಾಗಿದೆ ಬಿಡು.

ಕ್ರಾಸ್ ಸೀಮೆಯ ಸುಣ್ಣಕಲ್ಲಲ್ಲಿ
ನಲವತ್ತು ವರ್ಷ ಗಾರೆಯಿಲ್ಲದೆ ಗೋಡೆ ಕಟ್ಟಿದ ಕಣ್ಣು ಅದು.
ಬುರ್ಯಾ ಗಾಳಿ ಹೆಂಚು ಹಾರಿಸಿದ ಇರುಳೂ
ಆ ಗೋಡೆಗಳು ಜಗ್ಗಿಲ್ಲವಂತೆ.

ಬೆನ್ನಿನ ತೂತಿನಲ್ಲಿ ಒಂದು ನಳಿಗೆ ಒಳಕ್ಕೆ, ಒಂದು ಹೊರಕ್ಕೆ.
ನಡುವೆ ನಿಂಬೆಯ ದೂರದ ನೆಂಟನಂಥ ಹುಳಿನೀರು
ಗಂಟೆಗೆ ನೂರಿಪ್ಪತ್ತು ಮಿಲಿ,
ಹಗಲೆನ್ನದೆ ಇರುಳೆನ್ನದೆ.

ಜಿಂಕೆಗೊಂಬಿನಂಥ ದೊಡ್ಡ ಕಲ್ಲನ್ನು
ಡಾಕ್ಟರ್ ಕೊಶುತಾ ಕೊಯ್ದು ತೆಗೆದಾಗಿತ್ತು;
ಅದೀಗ ಸೀಸೆಯಲ್ಲಿ, ಅವನ ಹಲ್ಲುಸೆಟ್ಟಿನ ಲೋಟದ ಪಕ್ಕ.
ಉಳಿದದ್ದು ಎಕ್ಸ್‌ರೇಯಲ್ಲಿ ಮೂರು ಮಸುಕು ಅಕ್ಕಿಕಾಳು.

ಚೂರು ತಾನೇ, ಎಂದಳು ನೋಡಲು ಬಂದ ಸೊಸೆ.
ಅವನು ನಕ್ಕ, ಪಕ್ಕೆ ಹಿಡಿದುಕೊಂಡೇ ನಕ್ಕ.
ದೊಡ್ಡ ಕಲ್ಲು ಯಾರು ಬೇಕಾದರೂ ಇಡುತ್ತಾರಮ್ಮ.
ಸಂದಿಗೆ ತುರುಕುವ ಚಕ್ಕೆ ಇದೆಯಲ್ಲ,
ಗೋಡೆ ನಿಲ್ಲುವುದು ಅದರಿಂದ.
ಚಕ್ಕೆ ಬಿಟ್ಟರೆ ಗೋಡೆಯನ್ನೇ ಬಿಟ್ಟಂತೆ.

ಡಾಕ್ಟರೂ ಇದನ್ನೇ ಹೇಳಿದ್ದರು, ಲ್ಯಾಟಿನ್ ಬೆರೆಸಿ.

ಮೂರನೇ ರಾತ್ರಿ ಜ್ವರ. ನಿಲ್ಲಿಸಿದೆವು.
ಸೋಂಕಿರುವಾಗ ಹರಿಸಬಾರದು.
ಎರಡು ದಿನ ಎದುರಿನ ಗೋಡೆ ನೋಡುತ್ತ ಬಿದ್ದಿದ್ದ.
ಸಿಮೆಂಟು, ಎಂದ ಒಮ್ಮೆ,
ಬೈಗುಳದ ಹಾಗೆ.

ಮತ್ತೆ ಶುರುವಾದಾಗ ಕ್ಲಿಪ್ಪನ್ನು ಅವನ ಕೈಗೇ ಕೊಟ್ಟೆ:
ಪಕ್ಕೆ ಬಿಗಿದರೆ ನೀವೇ ಮುಚ್ಚಿ, ನನ್ನನ್ನು ಕಾಯಬೇಡಿ.
ನಸುಕಿನಲ್ಲಿ ಹೋಗಿ ನೋಡಿದರೆ ಮುಚ್ಚಿದ್ದ.
ಹೊರನಳಿಗೆ ತೊಡೆಯಡಿ ಮಡಚಿ ಸಿಕ್ಕಿಕೊಂಡಿತ್ತು,
ನೀರಿಗೆ ಬರಲು ದಾರಿಯಿತ್ತು, ಹೋಗಲು ಇರಲಿಲ್ಲ.
ಬಿಡಿಸುವಾಗ ನನ್ನ ಕೈ ನಡುಗಿತು, ಅವನದಲ್ಲ.
ಅದಕ್ಕೂ ಮುಂಚಿನ ಅರ್ಧ ಗಂಟೆ
ನಾನು ಮೇಜಿಗೆ ತಲೆಯಿಟ್ಟಿದ್ದೆ.
ಈವರೆಗೆ ಯಾರಿಗೂ ಹೇಳಿಲ್ಲ.
ಅವನೂ ಹೇಳಲಿಲ್ಲ.

ಹನ್ನೊಂದನೇ ದಿನದ ಎಕ್ಸ್‌ರೇಯಲ್ಲಿ
ಪಕ್ಕೆಲುಬು, ಬೆನ್ನುಮೂಳೆ, ಅಷ್ಟೇ.
ಎಲ್ಲಿ ಹೋದವು, ಕೇಳಿದ.
ಚೀಲಕ್ಕೆ. ಚೀಲದಿಂದ?
ಮೋರಿಗೆ. ಮೋರಿಯಿಂದ?
ವಿಪಾವಾ ನದಿಗೆ, ಅಲ್ಲಿಂದ ಸೋಚಾಕ್ಕೆ,
ಸೋಚಾ ಗಡಿ ದಾಟಿ ಇಟಲಿಗೆ.

ಬಹಳ ಹೊತ್ತು ಸುಮ್ಮನಿದ್ದ.
ನಲವತ್ತೇಳರಲ್ಲಿ ಗೆರೆ ಎಳೆದಾಗ
ಅಪ್ಪ ಕಟ್ಟಿದ ಗೋಡೆ ಆಚೆಗೆ ಉಳಿಯಿತು, ಎಂದ.
ದ್ರಾಕ್ಷಿಯ ಅರೆಪಾಲೂ.
ಅದನ್ನು ಮುಟ್ಟಲು ಪಾಸು ತೋರಿಸಿ ಹೋಗಿ ಬಂದಿದ್ದೇನೆ,
ಕಾವಲಿನವರು ಬುತ್ತಿ ಬಿಚ್ಚಿ ನೋಡುತ್ತಿದ್ದರು.
ಈ ಸಲ ನೋಡು, ಮೂರು ಕಲ್ಲು
ಅವರ ಮೂಗಿನಡಿಯಲ್ಲೇ ದಾಟಿಸಿದೆಯಲ್ಲ, ಮಿಲೋಯ್ಕಾ.

ಹೋಗುವಾಗ ಸೀಸೆಯನ್ನು ಮರೆತು ಹೋದ.
ಮರೆತನೋ, ಬಿಟ್ಟನೋ.

ಈಗಲೂ ಬಾಟಲಿ ತೂಗುಹಾಕುವಾಗ
ಟೇಪಿಗೆ ಮೊದಲು ಕೈ ಚಾಚುತ್ತೇನೆ.
ನನ್ನ ಗೇಣು ಚಿಕ್ಕದು.
ಆರು ಬೆರಳು ಬೇಕಾಗುತ್ತದೆ.