ಸಭೆಗೆ ಇನ್ನೂರು ಕುರ್ಚಿ

ಇನ್ನೂರು ಸಾಕು ಅಂದಿದ್ದರು. ಇನ್ನೂರೇ ಹಾಕಿದೆ,
ಜಿಮ್ಮಿನ ನೆಲಕ್ಕೆ ಗೀರು ಬೀಳದಂತೆ
ಒಂದೊಂದರ ಕಾಲಿಗೂ ಸೀಳಿದ ಟೆನಿಸ್ ಚೆಂಡು ತೊಡಿಸಿ.
ಆರೂವರೆಗೆ ಬಾಗಿಲು ತೆಗೆದರೆ
ಬಂದವರು ನಾನೂರು.
ಎಳ್ಳು ಚೆಲ್ಲಿದರೆ ನೆಲ ಮುಟ್ಟದು.
ಅಗ್ನಿಶಾಮಕದವನು ಹೊಸ್ತಿಲಲ್ಲಿ ನಿಂತು ತಲೆ ಎಣಿಸಿ
ಇನ್ನೊಬ್ಬರನ್ನೂ ಬಿಡಲಾರೆ ಅಂದ.
ಉಸಿರು ಕಟ್ಟುತ್ತದೆ ಎಂದರು ಯಾರೋ,
ಹೀಗೆ ಕೂರಿಸಿದರೆ ಹೇಗೆ ಎಂದರು ಇನ್ಯಾರೋ.
ನಾನು ಏನೂ ಹೇಳಲಿಲ್ಲ.

ಹೇಳಬಹುದಿತ್ತು:
ಇದೇ ನೆಲದ ಮೇಲೆ ಬೆಳಿಗ್ಗೆ ಹತ್ತೂ ಹತ್ತಕ್ಕೆ
ಮೊದಲ ಪಂಕ್ತಿಯ ಊಟ, ಕೊನೆಯದು ಒಂದೂಮುಕ್ಕಾಲಿಗೆ.
ಮುನ್ನೂರ ಹತ್ತು ಮಕ್ಕಳಿಗೆಂದು ಕಟ್ಟಿದ್ದರಲ್ಲಿ
ಐನೂರ ಎಂಬತ್ತೆಂಟು.
ಪುಸ್ತಕಾಲಯ ಈಗ ಎರಡನೇ ತರಗತಿ,
ಪುಸ್ತಕಗಳು ತಳ್ಳುಗಾಡಿಯಲ್ಲಿ ಅಲೆಯುತ್ತವೆ.
ನನ್ನ ಪೊರಕೆ ಬಕೆಟ್ಟಿನ ಕೋಣೆಯಲ್ಲಿ
ನಾಲಗೆ ಹೊರಳದ ಹುಡುಗರಿಗೆ ಮಿಸ್ ಕಾರ್ಮೋಡಿ
ಬ್ಲೀಚಿನ ವಾಸನೆಯ ನಡುವೆ ರಕಾರ ತಿದ್ದುತ್ತಾಳೆ.
ಆಟದ ಬಯಲಲ್ಲಿ ಆರು ತಗಡಿನ ತರಗತಿ;
ನೆಬ್ರಾಸ್ಕದ ಜನವರಿಯಲ್ಲಿ ಅಲ್ಲಿಂದ ಶೌಚಕ್ಕೆ ಬರಲು
ಕೋಟು, ಟೋಪಿ, ಗವಸು, ಹಿಮದಲ್ಲಿ ನಲವತ್ತು ಹೆಜ್ಜೆ.
ಕೆಲವರು ತಡೆದುಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ.
ಬದಲಿ ಪ್ಯಾಂಟುಗಳ ಡಬ್ಬ ನನ್ನ ವಶದಲ್ಲಿದೆ.

ಗೋಡೆಗೆ ನಕ್ಷೆ ಅಂಟಿಸಿದರು, ಮೂರು ಯೋಜನೆ, ಮೂರು ನಕ್ಷೆ.
ಮೂರರಲ್ಲೂ ಕಿತ್ತಳೆ ಬಣ್ಣದ ಗೆರೆ
ರೈಲುಹಳಿಯ ಪಕ್ಕ ನೆಟ್ಟಗೆ ನಡೆದು ಬಂದು
ಗಾಲ್ಫ್ ಮೈದಾನದ ಹತ್ತಿರ ಮಾತ್ರ
ಬಿಸಿ ಹಂಚು ಮುಟ್ಟಿದ ಬೆರಳಿನಂತೆ ಹಿಂದೆ ಸರಿಯುತ್ತದೆ.

ತನಗೆ ಯಾರ ಮೇಲೂ ದ್ವೇಷವಿಲ್ಲ, ಆದರೆ, ಅಂದಳು ಒಬ್ಬಳು.
ತಾನು ಮನೆ ಕೊಂಡದ್ದೇ ಆ ಶಾಲೆಗಾಗಿ, ಆದರೆ, ಅಂದ ಇನ್ನೊಬ್ಬ.
ಗೋಡೆಗೊರಗಿ ಎಣಿಸಿದೆ: ಹದಿನೇಳು ಆದರೆ.
ಬಸ್ಸಿನ ದೂರ ಅಂದರು, ಬಡಾವಣೆಯ ಸ್ವರೂಪ ಅಂದರು,
ಮನೆಗಳ ಬೆಲೆ ಅಂದರು.
ಮಾಂಸದ ಕಾರ್ಖಾನೆ ಯಾರ ಬಾಯಲ್ಲೂ ಬರಲಿಲ್ಲ,
ಅಲ್ಲಿ ರಾತ್ರಿಪಾಳಿ ಮಾಡುವವರೂ.
ಮಂಡಳಿಯ ಅಧ್ಯಕ್ಷ ಎಂದಿನಂತೆ
ಅಡ್ಡಗೋಡೆಯ ಮೇಲೆ ದೀಪವಿಟ್ಟ.
ಈ ಸಲ ಎರಡೂ ಕಡೆ ಕತ್ತಲೆ.

ಶುಕ್ರಿ ವರ್ಸಾಮೆ ಪಾಳಿಗೆ ಹೊರಟವಳು, ರಬ್ಬರ್ ಬೂಟಿನಲ್ಲೇ ಬಂದಿದ್ದಳು.
ಎಲ್ಲರಂತೆ ಅವಳಿಗೂ ಎರಡೇ ನಿಮಿಷ,
ಒಂಬತ್ತರ ಮಗ ಲಿಬಾನನ ಅನುವಾದವೂ ಅದರೊಳಗೇ.
"ಮೂರು ವರ್ಷಕ್ಕೆ ಇವನಿಗೆ ಮೂರು ಶಾಲೆ.
ನಾವು ಮನೆ ಬದಲಿಸಿಲ್ಲ.
ಗೆರೆಯೇ ನಡೆದು ಬಂತು."
ಆಮೇಲಿನ ಒಂದು ವಾಕ್ಯ ಹುಡುಗ ಹೇಳಲಿಲ್ಲ.
ತಾಯಿ ಕಾದಳು. ಅವನು ಶೂಸಿನ ಲಾಡಿ ನೋಡಿಕೊಂಡ.
ಗಂಟೆ ಬಾರಿಸಿತು.

ನನ್ನ ಅಜ್ಜ ವೆರ್ಬ್ಕಾ ಹಳಿಯ ಆಚೆಯವ,
ಬಾಯಿ ಬಿಟ್ಟರೆ ಬರೀ ಚೆಕ್.
ಆಗ ಈ ಶಾಲೆ ಅವನ ಮಕ್ಕಳಿಗಲ್ಲ.
ಇದನ್ನೂ ಹೇಳಬಹುದಿತ್ತು.
ಸಂಬಳದ ಚೀಟಿಗೆ ಸಹಿ ಹಾಕುವವರು
ಎದುರಿಗೇ ಕೂತಿದ್ದರು. ನೀರು ತುಂಬಿಕೊಟ್ಟೆ.

ಮತದಾನ ಮುಂದಿನ ತಿಂಗಳಿಗೆ. ಇದು ಮೂರನೇ ಸಲ.
ಕುರ್ಚಿ ಮಡಚಿ ಪೇರಿಸಿದಾಗ ರಾತ್ರಿ ಹನ್ನೊಂದು.
ಗವಸು ಎರಡು ಸಿಕ್ಕವು, ಬೇರೆ ಬೇರೆ ಕೈಯವು.
ನಕ್ಷೆಯನ್ನು ಸುರುಳಿ ಸುತ್ತುವಾಗ ಕಂಡೆ,
ಯಾರೋ ತಮ್ಮ ಮನೆಯ ಮೇಲೆ
ಪೆನ್ನಿನಿಂದ ಒತ್ತಿ ಒತ್ತಿ, ಕಾಗದ ತೂತಾಗಿದೆ.

ಬೆಳಿಗ್ಗೆ ಏಳೂವರೆಗೆ ಕಚೇರಿಯಿಂದ ಫೋನು:
ಹೊಸದಾಗಿ ಮೂವರು ಸೇರಿದ್ದಾರೆ, ಮೂರು ಕುರ್ಚಿ ಬೇಕು.
ಸಣ್ಣವು ಕ್ರಿಸ್ಮಸ್ಸಿಗೆ ಮೊದಲೇ ಮುಗಿದಿದ್ದವು.
ನಿನ್ನೆಯವರು ಕೂತದ್ದರಲ್ಲೇ ಮೂರು ಹೊತ್ತು
ಹಿಮ ದಾಟಿ ನಾಲ್ಕನೇ ತಗಡಿಗೆ ಕೊಟ್ಟು ಬಂದೆ.
ಕೂತ ಮಕ್ಕಳ ಕಾಲು
ನೆಲ ಮುಟ್ಟುವುದಿಲ್ಲ.