ಕೊಂಬು ಕಾಣುವ ತನಕ

ಅಪ್ಪ ಮೊದಲು ಕಲಿಸಿದ್ದು ನಾಣ್ಯ ಎಸೆಯುವುದು.
ಐದು ರ‍್ಯಾಂಡಿನದು, ಆಳದ ಕಡೆಗೆ.
ಅದು ವಾಲುತ್ತ ವಾಲುತ್ತ ತಳ ಸೇರಿದ ಮೇಲೆ
ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡು:
ಅದರ ಮೇಲಿನ ಮೃಗದ ಕೊಂಬು ಕಂಡರೆ ಕೊಳ ನೆಟ್ಟಗಿದೆ.
ಬರೀ ಹೊಳಪು ಕಂಡರೆ ಕೋಲು ಇಳಿಸು.
ಏನೂ ಕಾಣದಿದ್ದರೆ
ನಿನ್ನ ಐದು ರ‍್ಯಾಂಡ್ ಹೋಯಿತು, ಅಷ್ಟೆ.
"ಮಗುಚಿ ಬಿದ್ದರೆ?" ಎಂದೆ.
"ಇನ್ನೊಂದು ಎಸೆ."

ಪ್ರಿಟೋರಿಯಾದಲ್ಲಿ ಅಕ್ಟೋಬರ್ ಬಂತೆಂದರೆ
ಜಕರಂದ ಉದುರುತ್ತದೆ. ನೋಡುವವರಿಗೆ ಹಬ್ಬ.
ನನಗೆ ಹದಿನಾಲ್ಕು ಮನೆ, ಹದಿನಾಲ್ಕು ಜಾಲರಿ ಬುಟ್ಟಿ.
ನೇರಳೆ ಹೂವು ಎರಡೇ ದಿನಕ್ಕೆ ಕಂದು ಲೋಳೆಯಾಗಿ
ಪಂಪಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.
ಅದು ಕೆಮ್ಮುವುದು ಗೇಟಿನಾಚೆಗೇ ಕೇಳಿಸುತ್ತದೆ.

ಅಂಗಾಲಿಗೂ ತಿಳಿಯುತ್ತದೆ.
ಮೆಟ್ಟಿಲು ತುಸು ಜಾರಿದರೆ ಪಾಚಿ ಹುಟ್ಟಿದೆ,
ಕಣ್ಣಿಗೆ ಹಸಿರಾಗಲು ಇನ್ನೂ ಮೂರು ದಿನ ಬೇಕು.
ನೀರು ಮುಟ್ಟುವ ಟೈಲಿನ ಮೇಲೆ ಬೆರಳೆಳೆದಾಗ
ಜಿಡ್ಡು ಹತ್ತಿದರೆ, ಭಾನುವಾರ ನೆಂಟರು ಬಂದಿದ್ದರು;
ಬಿಸಿಲಿಗೆಂದು ಬಳಿದುಕೊಂಡ ಕ್ರೀಮೆಲ್ಲ
ಇಲ್ಲೇ ಬಿಟ್ಟು ಹೋಗಿದ್ದಾರೆ.

ಆಲಿಕಲ್ಲು ಮಳೆಯ ಮರುದಿನದ ನೀರನ್ನು
ಯಾರೂ ಗುರುತಿಸಬಲ್ಲರು: ಅಕ್ಕಿ ತೊಳೆದ ನೀರು.
ಆಗ ಎಲ್ಲರೂ ಫೋನು ಮಾಡುತ್ತಾರೆ.
ಅದಕ್ಕೂ ಮೊದಲು, "ಚೆನ್ನಾಗಿಯೇ ಇದೆಯಲ್ಲ" ಎನ್ನುವ
ಮೂರು ನಾಲ್ಕು ದಿನಗಳಿರುತ್ತವೆ.
ನನ್ನ ಸಂಬಳ ಆ ದಿನಗಳದ್ದು.

ಒಮ್ಮೆ ಫೂರಿ ಸಾಹೇಬರು, ಮಗನ ಕಣ್ಣು ಕೆಂಪಾಯಿತೆಂದು
ಅಪ್ಪನ ಮೇಲೆ ಹರಿಹಾಯ್ದರು:
"ಕ್ಲೋರಿನ್ ಸುರಿದಿದ್ದೀಯ, ಅಡಿಗೆಮನೆ ತನಕ ವಾಸನೆ!"
ವಾಸನೆ ಹೊಡೆಯುವುದು ಔಷಧ ಹೆಚ್ಚಾಗಿ ಅಲ್ಲ,
ಸಾಲದೆ ಹೋಗಿ.
ಕೊಳೆಯೊಡನೆ ಸೆಣಸಿ ಸುಸ್ತಾದ ಔಷಧದ ಬೆವರು ಅದು.
ಅಪ್ಪ ಇದೊಂದನ್ನೂ ಹೇಳಲಿಲ್ಲ. ತಲೆಯಾಡಿಸಿ,
ಸಂಜೆ ಅವರು ಒಳಗೆ ಹೋದ ಮೇಲೆ ಇನ್ನೆರಡು ಲೋಟ ಹಾಕಿದ.
ಬೆಳಗ್ಗೆ ವಾಸನೆ ಇರಲಿಲ್ಲ.
"ನೋಡಿದೆಯಾ," ಎಂದರು ಸಾಹೇಬರು,
"ಕಡಿಮೆ ಮಾಡಿದ ಕೂಡಲೇ ಸರಿಹೋಯಿತು."

ಈ ವಾರ ಮಿಸೆಸ್ ಟೆರ್‌ಬ್ಲಾಂಶ್ ಮನೆಯದು ಬೇರೆ ಕಾಯಿಲೆ.
ನೀರು ತಿಳಿ. ಕೊಂಬು ಎಣಿಸಬಹುದು.
ಆದರೆ ದಿನಕ್ಕೊಂದು ಬೆರಳು ಇಳಿಯುತ್ತಿದೆ.
"ಬಿಸಿಲು" ಎಂದರು. ಬಿಸಿಲಿಗೂ ಒಂದು ಲೆಕ್ಕವಿದೆ.
ಮೆಟ್ಟಿಲ ಮೇಲೆ ಬಕೆಟ್ ತುಂಬಿಟ್ಟು
ಒಳಗೊಂದು ಗೆರೆ ಹಾಕಿದೆ, ಹೊರಗೊಂದು ಗೆರೆ.
ಮಾರನೆಯ ದಿನ ಬಕೆಟ್ಟಿನದು ಅಕ್ಕಿಕಾಳಷ್ಟು ಇಳಿದಿತ್ತು,
ಕೊಳದ್ದು ಬೆರಳಷ್ಟು.
ಬಿಸಿಲು ಎರಡರಲ್ಲೂ ಒಂದೇ ಸಮ ಕುಡಿಯುತ್ತದೆ.
ಮಿಕ್ಕಿದ್ದು ಬಿರುಕಿನ ಪಾಲು.

ಬಿರುಕು ಹುಡುಕಲು ಶಾಯಿ ಬೇಕು. ಶಾಯಿಯ ಜೊತೆ
ಅಪ್ಪನನ್ನೂ ಕರೆತಂದೆ. ಮೊಣಕಾಲು ಕೈಕೊಟ್ಟ ಮೇಲೆ
ಅವನು ಮಮೆಲೋಡಿ ದಾಟಿದ್ದೇ ಅಪರೂಪ.
ಮೂವತ್ತೊಂದು ವರ್ಷ ಈ ಬೀದಿಗಳ ನೀರು ಕಾದವನು
ಒಮ್ಮೆಯೂ ಅದರೊಳಗೆ ಇಳಿದವನಲ್ಲ.
ಮೊದಮೊದಲು ಇಳಿಯುವಂತಿರಲಿಲ್ಲ.
ಆಮೇಲೆ ಯಾರೂ ಬೇಡವೆನ್ನಲಿಲ್ಲ,
ಈಜು ಬರುತ್ತಿರಲಿಲ್ಲ.
ಮಳೆ ಸುರಿಯುವಾಗ ಹುಟ್ಟಿದನೆಂದು
ಅಜ್ಜಿ ಇಟ್ಟ ಹೆಸರು ರಪೂಲಾ.

ಕುರ್ಚಿ ಎಳೆದುಕೊಂಡು ಕೂತ. ನಾನು ಉಸಿರು ಕಟ್ಟಿ ಮುಳುಗಿದೆ.
ಗೋಡೆಯ ಹತ್ತಿರ ಒಂದು ತೊಟ್ಟು: ನಿಂತಲ್ಲೇ ನಿಂತಿತು.
ಮೂಲೆಯಲ್ಲಿ ಇನ್ನೊಂದು: ಅದೂ ಹೊಗೆಯ ಹಾಗೆ ಸುಮ್ಮನೆ.
ಮೂರನೆಯದು, ದೀಪದ ಬಳೆಯ ಕೆಳಗೆ,
ಹೊರಳಿ, ಸಪೂರ ನೀಲಿ ಎಳೆಯಾಗಿ,
ಆಚೆಯಿಂದ ಯಾರೋ ದಾರ ಎಳೆದಂತೆ
ಗೋಡೆಯೊಳಗೆ ಹೋಯಿತು.

"ಸಿಕ್ಕಿತು, ದೀಪದ ಕೆಳಗೆ!" ಎಂದೆ ಮೇಲೆದ್ದು.
ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.
ಕೋಲಿನ ತುದಿಯಿಂದ ಒಂದು ಹೂವನ್ನು ಬದಿಗೆ ಸರಿಸಿ,
ಅದು ಮತ್ತೆ ಬಂದ ಮೇಲೆ ಮತ್ತೆ ಸರಿಸಿ,
"ಕೆಳಗಿಂದ ನೋಡಿದರೆ," ಎಂದ,
"ಆಕಾಶ ಹೇಗಿರುತ್ತೆ?"